ಕಾರಾಗೃಹದೊಳಗೆ ಕಛೇರಿ: ಬಂದಿಗಳಿಗಾಗಿ ಹಾಡಲು, ನುಡಿಸಲು ಹೊರಡುವ ಕಲಾವಿದರಿಗೆ ಸಮಗ್ರ ಮಾರ್ಗದರ್ಶಿ

ಸಂಭಾವನೆಯ ನಿರೀಕ್ಷೆಯಿಲ್ಲದೆ ಕಾರಾಗೃಹದಲ್ಲಿ ಒಂದು ಕಾರ್ಯಕ್ರಮ ಕೊಡಬೇಕೆಂದು ಬಯಸುವ ಗಾಯಕರೂ ವಾದಕರೂ ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಯಾರನ್ನು ಕೇಳಬೇಕು, ಏನನ್ನು ಒಯ್ಯಬಹುದು, ಒಳಗೆ ಹೇಗೆ ನಡೆದುಕೊಳ್ಳಬೇಕು ಎಂಬುದು ತಿಳಿಯದೆ ಹೆಚ್ಚಿನವರ ಬಯಕೆ ಅಲ್ಲಿಗೇ ನಿಲ್ಲುತ್ತದೆ. ಈ ಬರಹ ಕರ್ನಾಟಕದ ಕಾರಾಗೃಹಗಳನ್ನು ಗಮನದಲ್ಲಿಟ್ಟುಕೊಂಡು, ಮೊದಲ ಪತ್ರದಿಂದ ಎರಡನೆಯ ಭೇಟಿಯವರೆಗಿನ ಹೆಜ್ಜೆಗಳನ್ನು ವಿವರಿಸುತ್ತದೆ. ಒಳಗೆ ಕುಳಿತು ಕೇಳುವವರು ಕರುಣೆಯ ಪಾತ್ರರೂ ಅಲ್ಲ, ಉಪದೇಶದ ಗುರಿಯೂ ಅಲ್ಲ, ಅವರು ಶ್ರೋತೃಗಳು. ಕೆಳಗೆ ಹೇಳಿರುವ ಪ್ರತಿಯೊಂದು ಸೂಚನೆಯೂ ಈ ತಿಳಿವಳಿಕೆಯಿಂದಲೇ ಹುಟ್ಟಿದೆ.

ಯಾರ ಮುಂದೆ ಹಾಡುತ್ತೀರಿ ಎಂಬುದನ್ನು ಮೊದಲು ಅರಿಯಿರಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ 2022ರ ಅಂಕಿ ಅಂಶಗಳ ಪ್ರಕಾರ ದೇಶದ ಕಾರಾಗೃಹಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅಂದರೆ ನೂರರಲ್ಲಿ ಎಪ್ಪತ್ತೈದಕ್ಕಿಂತ ಹೆಚ್ಚು ಮಂದಿಯ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ‘ತಪ್ಪು ಮಾಡಿದ ನಿಮಗೆ ಸಂಗೀತ ಸನ್ಮಾರ್ಗ ತೋರಲಿ’ ಎಂಬ ಧಾಟಿಯ ಮಾತು ಎಷ್ಟು ಅನ್ಯಾಯದ್ದು ಎಂಬುದಕ್ಕೆ ಈ ಒಂದು ಲೆಕ್ಕ ಸಾಕು. ಸಜೆಯಾದವರ ವಿಷಯದಲ್ಲಿಯೂ ನ್ಯಾಯಾಲಯ ತನ್ನ ತೀರ್ಪನ್ನು ಕೊಟ್ಟಾಗಿದೆ. ಅದಕ್ಕೆ ಕಲಾವಿದರು ಸೇರಿಸಬೇಕಾದದ್ದು ಏನೂ ಇಲ್ಲ.

ಬೆಂಗಳೂರಿನ ಪರಪ್ಪನ ಅಗ್ರಹಾರ, ಮೈಸೂರು, ಬಳ್ಳಾರಿ, ಬೆಳಗಾವಿಯ ಹಿಂಡಲಗಾ, ಕಲಬುರಗಿ, ವಿಜಯಪುರ, ಧಾರವಾಡ, ಶಿವಮೊಗ್ಗ ಮುಂತಾದೆಡೆ ಕೇಂದ್ರ ಕಾರಾಗೃಹಗಳಿವೆ, ಉಳಿದ ಕಡೆ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದವು ಇವೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯೂ ಇದೆ. ಒಂದೊಂದರ ಶ್ರೋತೃವರ್ಗವೂ ಬೇರೆ. ಹಿಂಡಲಗಾದಲ್ಲಿ ಮರಾಠಿ ಬಲ್ಲವರು, ಬಳ್ಳಾರಿಯಲ್ಲಿ ತೆಲುಗು ಮಾತಾಡುವವರು, ಕಲಬುರಗಿಯಲ್ಲಿ ದಖನಿ ಉರ್ದುವಿನವರು, ಮಂಗಳೂರಿನಲ್ಲಿ ತುಳು, ಬ್ಯಾರಿ, ಕೊಂಕಣಿಯವರು ಇರುತ್ತಾರೆ. ಬೆಂಗಳೂರಿನಲ್ಲಿ ಇವೆಲ್ಲದರ ಜೊತೆಗೆ ತಮಿಳು, ಹಿಂದಿ ಮತ್ತು ಹೊರದೇಶಗಳ ನುಡಿಗಳೂ ಕಿವಿಗೆ ಬೀಳುತ್ತವೆ.

ಕಲೆಗೆ ಅಲ್ಲಿ ನೆಲ ಸಿದ್ಧವಿದೆಯೇ ಎಂಬ ಅನುಮಾನ ಬೇಡ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿ, ಮೈಸೂರು ಮುಂತಾದ ಕಾರಾಗೃಹಗಳ ಬಂದಿಗಳಿಂದ ಪೂರ್ಣಪ್ರಮಾಣದ ನಾಟಕಗಳನ್ನು ಆಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದು ತೋರಿಸಿದ್ದಾರೆ. ಅಧಿಕಾರಿಗಳಿಗೂ ಕಲಾವಿದರಿಗೂ ನಡುವೆ ನಂಬಿಕೆ ಬೆಳೆದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಕರ್ನಾಟಕದ ಒಳಗೇ ಸಿಗುವ ಸಾಕ್ಷಿ ಅದು.

ಅನುಮತಿ ಪಡೆಯುವ ಬಗೆ

ಕರ್ನಾಟಕ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಅಡಿಯಲ್ಲಿ ಈ ಎಲ್ಲ ಕಾರಾಗೃಹಗಳು ನಡೆಯುತ್ತವೆ. ನೀವು ಹೋಗಬಯಸುವ ಕಾರಾಗೃಹದ ಅಧೀಕ್ಷಕರಿಗೆ, ದೊಡ್ಡ ಕೇಂದ್ರ ಕಾರಾಗೃಹವಾದರೆ ಮುಖ್ಯ ಅಧೀಕ್ಷಕರಿಗೆ, ಪತ್ರ ಬರೆಯುವುದು ಮೊದಲ ಹೆಜ್ಜೆ. ಅವರ ಮಟ್ಟದಲ್ಲಿ ತೀರ್ಮಾನವಾಗದಿದ್ದರೆ ಪತ್ರ ಬೆಂಗಳೂರಿನ ಪ್ರಧಾನ ಕಚೇರಿಗೆ ಹೋಗುತ್ತದೆ. ಆದ್ದರಿಂದ ಕಾರ್ಯಕ್ರಮದ ದಿನಕ್ಕಿಂತ ಒಂದೂವರೆ ಎರಡು ತಿಂಗಳು ಮೊದಲೇ ಪತ್ರ ತಲುಪುವಂತೆ ನೋಡಿಕೊಳ್ಳಿ. ಇಮೇಲ್ ಕಳಿಸಿದರೂ ಒಂದು ಮುದ್ರಿತ ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದು ಒಳ್ಳೆಯದು. ನೇರವಾಗಿ ಹೋಗಲು ಸಂಕೋಚವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕವೂ ಪ್ರಯತ್ನಿಸಬಹುದು, ಅಥವಾ ಕಾರಾಗೃಹದಲ್ಲಿ ಈಗಾಗಲೇ ಸಾಕ್ಷರತೆ, ಯೋಗ, ಆಪ್ತಸಮಾಲೋಚನೆಯ ಕೆಲಸ ಮಾಡುತ್ತಿರುವ ಸಂಸ್ಥೆಯ ಜೊತೆ ಸೇರಬಹುದು.

ಪತ್ರ ಒಂದು ಪುಟವನ್ನು ಮೀರಬಾರದು. ನಿಮ್ಮ ತಂಡ ಯಾವುದು, ಯಾವ ಬಗೆಯ ಸಂಗೀತ, ಎಷ್ಟು ಹೊತ್ತು, ಎಷ್ಟು ಜನ, ಯಾವ ದಿನಗಳು ಅನುಕೂಲ ಎಂಬುದನ್ನು ತಿಳಿಸಿ. ಸಂಭಾವನೆಯಾಗಲಿ ಪ್ರಯಾಣ ವೆಚ್ಚವಾಗಲಿ ಬೇಡ ಎಂಬುದನ್ನೂ, ಚಿತ್ರೀಕರಣದ ಉದ್ದೇಶವಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಇದರೊಂದಿಗೆ ಮೂರು ಪಟ್ಟಿಗಳನ್ನು ಲಗತ್ತಿಸಿ. ಮೊದಲನೆಯದು ಜನರ ಪಟ್ಟಿ: ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ಭಾವಚಿತ್ರ, ವಾಹನದ ಸಂಖ್ಯೆ, ಚಾಲಕರ ವಿವರ. ಎರಡನೆಯದು ಸಾಮಾನುಗಳ ಪಟ್ಟಿ, ಮೂರನೆಯದು ಹಾಡುಗಳ ಪಟ್ಟಿ. ಹಾಡುಗಳ ಸಾಹಿತ್ಯವನ್ನೂ, ಬೇರೆ ಭಾಷೆಯದಾದರೆ ಭಾವಾರ್ಥವನ್ನೂ ಸೇರಿಸಿದರೆ ಅಧಿಕಾರಿಗಳ ಪ್ರಶ್ನೆಗಳು ಅರ್ಧದಷ್ಟು ಕಡಿಮೆಯಾಗುತ್ತವೆ. ತಂಡದ ಯಾರಿಗಾದರೂ ಆ ಕಾರಾಗೃಹದಲ್ಲಿ ಸಂಬಂಧಿಕರೋ ಪರಿಚಿತರೋ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಮುಚ್ಚಿಟ್ಟದ್ದು ಬಾಗಿಲಲ್ಲಿ ಗೊತ್ತಾದರೆ ಇಡೀ ತಂಡ ಹಿಂದಿರುಗಬೇಕಾಗುತ್ತದೆ.

ಮೊದಲ ಸಲಕ್ಕೆ ತಂಡವನ್ನು ಚಿಕ್ಕದಾಗಿಡಿ. ನಾಲ್ಕೈದು ಜನ ಸಾಕು. ಜೊತೆಗೆ ಬರುವ ಪ್ರತಿಯೊಬ್ಬರೂ ತಪಾಸಣೆಯ ಹೊತ್ತನ್ನೂ ಸಿಬ್ಬಂದಿಯ ಹೊರೆಯನ್ನೂ ಹೆಚ್ಚಿಸುತ್ತಾರೆ. ನೋಡುವ ಕುತೂಹಲಕ್ಕಾಗಿ ಬರುವ ಸ್ನೇಹಿತರನ್ನು ಯಾವ ಕಾರಣಕ್ಕೂ ಸೇರಿಸಿಕೊಳ್ಳಬೇಡಿ.

ದಿನವನ್ನು ಆರಿಸುವಾಗ ಎರಡು ಸಂಗತಿಗಳನ್ನು ನೆನಪಿಡಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಯಂತಹ ದಿನಗಳಲ್ಲಿ ಕಾರಾಗೃಹಗಳಲ್ಲಿ ಕಾರ್ಯಕ್ರಮಗಳು ಇದ್ದೇ ಇರುತ್ತವೆ. ಆ ಗದ್ದಲ ಮುಗಿದ ಮೇಲಿನ ಬರಿದಾದ ವಾರಗಳಲ್ಲಿ ನೀವು ಬಂದರೆ ಅದಕ್ಕೆ ಹೆಚ್ಚು ಬೆಲೆ. ಇನ್ನು, ವಾರದ ದಿನಗಳಲ್ಲಿ ವಿಚಾರಣಾಧೀನರನ್ನು ನ್ಯಾಯಾಲಯಕ್ಕೆ ಕರೆದೊಯ್ಯುತ್ತಾರೆ, ಮನೆಯವರ ಭೇಟಿಯೂ ಇರುತ್ತದೆ. ಮನೆಯವರನ್ನು ಕಾಣುವ ಅವಕಾಶವನ್ನು ನಿಮ್ಮ ಕಛೇರಿಯ ಸಲುವಾಗಿ ಯಾರೂ ಕಳೆದುಕೊಳ್ಳಬಾರದು. ಈ ಕುರಿತು ಅಧಿಕಾರಿಗಳನ್ನೇ ಕೇಳಿ ತೀರ್ಮಾನಿಸಿ.

ಸಾಮಾನುಗಳ ವಿಚಾರ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಇದನ್ನು ವಿವರವಾಗಿ ಹೇಳಬೇಕಾಗಿದೆ. ಮೊಬೈಲ್ ಫೋನ್ ಒಳಗೆ ಒಯ್ಯುವುದು ಶಿಕ್ಷಾರ್ಹ ಅಪರಾಧ. 1963ರ ಕರ್ನಾಟಕ ಕಾರಾಗೃಹಗಳ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ನಿಷೇಧಿತ ವಸ್ತುಗಳ ವಿಷಯದಲ್ಲಿ ಶಿಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸಿದೆ. ಸ್ಮಾರ್ಟ್ ವಾಚು, ಟ್ಯಾಬ್ಲೆಟ್, ಪೆನ್‌ಡ್ರೈವ್, ಬ್ಲೂಟೂತ್ ಸಾಧನಗಳು ಎಲ್ಲವೂ ವಾಹನದಲ್ಲೇ ಉಳಿಯಬೇಕು. ಇದರ ಪರಿಣಾಮ ಸಂಗೀತಗಾರರಿಗೆ ಸಣ್ಣದಲ್ಲ. ಇಂದು ನಮ್ಮಲ್ಲಿ ಬಹಳ ಮಂದಿ ಶ್ರುತಿಗೆ ಫೋನಿನ ಆ್ಯಪ್ ನೆಚ್ಚಿಕೊಂಡಿದ್ದಾರೆ, ಹಾಡಿನ ಸಾಹಿತ್ಯವನ್ನು ಪರದೆಯ ಮೇಲೆ ನೋಡಿ ಹಾಡುತ್ತಾರೆ, ಗಿಟಾರಿನವರು ಟ್ಯೂನರನ್ನೂ ಅದರಲ್ಲೇ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ತಂಬೂರಿಯನ್ನೋ ಬೇರೆಯಾದ ಶ್ರುತಿಪೆಟ್ಟಿಗೆಯನ್ನೋ ತನ್ನಿ. ಸಾಹಿತ್ಯವನ್ನು ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿಕೊಳ್ಳಿ, ಕಂಠಪಾಠವಾಗಿದ್ದರೆ ಇನ್ನೂ ಮೇಲು.

ಶ್ರುತಿ ಸೇರಿಸಲು ಬಳಸುವ ತಬಲಾ ವಾದಕರ ಸುತ್ತಿಗೆ, ಮೃದಂಗದವರ ಕಲ್ಲು ಮತ್ತು ಕುಟ್ಟಿ ತಪಾಸಣೆಯವರ ಕಣ್ಣಿಗೆ ಆಯುಧಗಳಾಗಿ ಕಾಣುತ್ತವೆ, ಅವರ ದೃಷ್ಟಿಯಿಂದ ಅದು ಸರಿಯೂ ಹೌದು. ಅವನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಿಸಿ, ಏಕೆ ಬೇಕೆಂದು ಒಂದು ಸಾಲು ಬರೆಯಿರಿ. ಬಾಗಿಲಿನಲ್ಲೇ ಶ್ರುತಿ ಸೇರಿಸಿಕೊಂಡು ಸುತ್ತಿಗೆಯನ್ನು ಅಲ್ಲೇ ಒಪ್ಪಿಸಿ ಹೋಗಲು ಸಿದ್ಧರಿದ್ದೇವೆ ಎಂದು ತಿಳಿಸಿದರೆ ಅನುಮತಿ ಸುಲಭವಾಗುತ್ತದೆ. ಕೈಗೆ ಹಚ್ಚಿಕೊಳ್ಳುವ ಪೌಡರನ್ನೂ ಮೃದಂಗದ ತೊಪ್ಪಿಗೆ, ಅಂದರೆ ಎಡಬದಿಯ ಮುಖಕ್ಕೆ, ಮೆತ್ತುವ ರವೆಯನ್ನೂ ಗುರುತಿಲ್ಲದ ಪೊಟ್ಟಣಗಳಲ್ಲಿ ಒಯ್ಯಬೇಡಿ. ಬಿಳಿಯ ಪುಡಿ ಯಾವುದೇ ಕಾರಾಗೃಹದ ಬಾಗಿಲಲ್ಲಿ ಅನುಮಾನಕ್ಕೆ ಗುರಿಯಾಗುತ್ತದೆ. ರವೆಯನ್ನು ಹೊರಗೇ ಕಲಸಿ ಮೆತ್ತಿಕೊಂಡು ಬರುವುದು ಸರಳ ಉಪಾಯ, ಹಾಗೆ ಮಾಡಿದರೆ ಒಣಗದಂತೆ ಒದ್ದೆ ಬಟ್ಟೆ ಹೊದಿಸಿಡಬೇಕು. ತಮಟೆ, ಹಲಗೆಯನ್ನು ಕಾಯಿಸಲು ಒಳಗೆ ಬೆಂಕಿ ಹಾಕಲು ಬಿಡುವುದಿಲ್ಲ, ಆದ್ದರಿಂದ ಫೈಬರ್ ಹೊದಿಕೆಯ ವಾದ್ಯಗಳನ್ನು ಆರಿಸಿಕೊಳ್ಳಿ. ಘಟ ಒಡೆದರೆ ಚೂರುಗಳು ಹರಿತವಾಗಿರುತ್ತವೆ, ಮೊದಲ ಭೇಟಿಗೆ ಅದು ಬೇಡ.

ಪಿಟೀಲು, ವೀಣೆ, ಗಿಟಾರುಗಳ ಬಿಡಿ ತಂತಿಗಳನ್ನು ಎಣಿಸಿ ಬರೆದಿಡಿ. ಒಳಗೆ ತಂತಿ ಕಿತ್ತುಹೋದರೆ ಅದರ ತುಂಡುಗಳನ್ನೂ ಹೊರಗೆ ತಂದು ಲೆಕ್ಕ ಒಪ್ಪಿಸಬೇಕು. ಇಕ್ಕಳ, ಚಾಕು, ತಂತಿ ಕತ್ತರಿಸುವ ಉಪಕರಣ, ಗಾಜಿನ ಬಾಟಲಿ ಬೇಡವೇ ಬೇಡ. ಹಾರ್ಮೋನಿಯಂ ಪೆಟ್ಟಿಗೆಯನ್ನೂ ವಾದ್ಯಗಳ ಚೀಲಗಳನ್ನೂ ಹಿಂದಿನ ರಾತ್ರಿಯೇ ಪೂರ್ತಿ ಬರಿದು ಮಾಡಿ ನೋಡಿ, ಹಳೆಯ ಗುಳಿಗೆಯ ಪಟ್ಟಿಯೋ ಬೆಂಕಿಪೊಟ್ಟಣವೋ ಮೂಲೆಯಲ್ಲಿ ಉಳಿದಿದ್ದರೆ ಸಿಕ್ಕಿಬೀಳುವವರು ನೀವು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿರುವವರು ಅದನ್ನು ಹೊರಗೇ ಬಿಟ್ಟುಬರಬೇಕು. ನಿತ್ಯ ಸೇವಿಸುವ ಔಷಧವಿದ್ದರೆ ವೈದ್ಯರ ಚೀಟಿಯೊಂದಿಗೆ ಬೇಕಾದಷ್ಟೇ ತನ್ನಿ.

ಧ್ವನಿವರ್ಧಕದ ವಿಷಯದಲ್ಲಿ ಮೊದಲು ಅಲ್ಲಿ ಏನಿದೆ ಎಂದು ಕೇಳಿ. ಇದ್ದರೆ ಅದನ್ನೇ ಬಳಸಿ. ನಿಮ್ಮದೇ ತರುವುದಾದರೆ ತಂತಿಯ ಮೈಕುಗಳನ್ನೇ ತನ್ನಿ, ಏಕೆಂದರೆ ದೊಡ್ಡ ಕಾರಾಗೃಹಗಳಲ್ಲಿ ಮೊಬೈಲ್ ಸಂಕೇತಗಳನ್ನು ತಡೆಯುವ ಜಾಮರ್‌ಗಳಿರುವುದರಿಂದ ವೈರ್‌ಲೆಸ್ ಉಪಕರಣಗಳು ಕೈಕೊಡುವ ಸಾಧ್ಯತೆಯಿದೆ, ಅವುಗಳಿಗೆ ಅನುಮತಿಯೂ ಕಷ್ಟ. ಕೇಬಲ್ಲುಗಳ ಉದ್ದವನ್ನೂ ಸಂಖ್ಯೆಯನ್ನೂ ಪಟ್ಟಿಯಲ್ಲಿ ಬರೆಯಿರಿ. ಎತ್ತರದ ಗೋಡೆಗಳ ನಡುವಿನ ಅಂಗಳದಲ್ಲಿಯೂ ತಗಡಿನ ಮಾಡಿನ ಸಭಾಂಗಣದಲ್ಲಿಯೂ ಶಬ್ದ ಮಾರ್ದನಿಸುತ್ತದೆ. ಧ್ವನಿಯನ್ನು ತಗ್ಗಿಸಿ ಇಟ್ಟರೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ.

ಉಡುಪಿನ ಬಗ್ಗೆ ಒಂದು ಸೂಚನೆ. ಸಜಾ ಬಂದಿಗಳ ಉಡುಪು ಬಿಳಿ, ಸಿಬ್ಬಂದಿಯದು ಖಾಕಿ. ಕಛೇರಿಗೆ ನಾವು ರೂಢಿಯಿಂದ ತೊಡುವ ಬಿಳಿ ಜುಬ್ಬಾ ಪಂಚೆಯ ಬದಲು ಬಣ್ಣದ ಬಟ್ಟೆ ತೊಡುವುದು ಒಳ್ಳೆಯದು. ಒಡವೆ ಹಗುರವಾಗಿರಲಿ.

ಹಾಡುಗಳ ಆಯ್ಕೆ

ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆಯವರೆಗಿನ ಕಾರ್ಯಕ್ರಮ ಮೊದಲ ಭೇಟಿಗೆ ಯುಕ್ತ. ಸಂಜೆ ಆರರ ಸುಮಾರಿಗೆ ಎಲ್ಲರನ್ನೂ ಬ್ಯಾರಕ್ಕುಗಳಿಗೆ ಸೇರಿಸಿ ಬೀಗ ಹಾಕುವ ಪದ್ಧತಿಯಿದೆ. ಅದಕ್ಕೂ ಮೊದಲು ಊಟ ಮತ್ತು ಎಣಿಕೆ ಆಗಬೇಕು. ಹಾಗಾಗಿ ಬೆಳಗಿನ ಹೊತ್ತು ಅಥವಾ ಮಧ್ಯಾಹ್ನದ ಮೊದಲ ಭಾಗ ಸೂಕ್ತ, ಹೇಳಿದ ಹೊತ್ತಿಗೆ ಮುಗಿಸುವುದು ಕಡ್ಡಾಯ.

ನೀತಿ ಬೋಧಿಸುವ ಹಾಡುಗಳನ್ನೇ ಪೋಣಿಸಿಕೊಂಡು ಹೋಗುವುದು ಸದುದ್ದೇಶದ ತಂಡಗಳಲ್ಲಿ ನಾನು ಕಾಣುವ ದೊಡ್ಡ ದೋಷ. ಪಶ್ಚಾತ್ತಾಪದ ದಾಸರ ಪದಗಳು ನಮ್ಮಲ್ಲಿ ಹೇರಳವಾಗಿವೆ. ಹಾಡುವವನೇ ತನ್ನ ತಪ್ಪನ್ನು ದೇವರ ಮುಂದೆ ಒಪ್ಪಿಕೊಳ್ಳುವ ಪದ ಬೇರೆ, ಎದುರಿಗಿರುವವರನ್ನು ‘ಮಾನವಾ’ ಎಂದು ಕರೆದು ಎಚ್ಚರಿಸುವ ಪದ ಬೇರೆ. ಮೊದಲ ಬಗೆಯದರಲ್ಲಿ ಗಾಯಕ ಕೇಳುಗರ ಪಕ್ಕದಲ್ಲಿ ಕುಳಿತಿರುತ್ತಾನೆ. ಎರಡನೆಯದನ್ನು ದೇವಸ್ಥಾನದ ಜಗಲಿಯಲ್ಲಿ ಹಾಡಿದಾಗ ಯಾರಿಗೂ ನೋವಾಗುವುದಿಲ್ಲ, ಕಾರಾಗೃಹದಲ್ಲಿ ಅದು ಬೆರಳು ತೋರಿಸಿದಂತಾಗುತ್ತದೆ. ವಚನ, ತತ್ವಪದಗಳನ್ನು ಆರಿಸುವಾಗಲೂ ಇದೇ ವಿವೇಚನೆ ಇರಲಿ. ಕೇಳುವವರಲ್ಲಿ ಎಲ್ಲ ಧರ್ಮದವರೂ ಇರುವುದರಿಂದ ಒಂದೇ ದೇವರ ಸ್ತುತಿಯಲ್ಲಿ ಇಡೀ ಕಾರ್ಯಕ್ರಮ ಕಳೆಯಬಾರದು. ಜನಪದ ಗೀತೆ, ಭಾವಗೀತೆ, ಎಲ್ಲರೂ ಬಲ್ಲ ಹಳೆಯ ಚಿತ್ರಗೀತೆ, ಬರಿಯ ವಾದ್ಯಸಂಗೀತ ಎಲ್ಲಕ್ಕೂ ಜಾಗವಿರಲಿ. ಕನಿಷ್ಠ ಒಂದಾದರೂ ಹಾಡು ಅಲ್ಲಿನ ಎರಡನೆಯ ಭಾಷೆಯಲ್ಲಿರಲಿ. ತನ್ನ ಮನೆಯ ಮಾತನ್ನು ತಿಂಗಳುಗಟ್ಟಲೆ ಕೇಳದಿದ್ದವನಿಗೆ ಅದೊಂದು ದೊಡ್ಡ ಸಂತೋಷ.

ಮದ್ಯ, ಹೊಡೆದಾಟ, ಸೇಡು, ಹೆಣ್ಣಿನ ಅವಹೇಳನ ಇರುವ ಗೀತೆಗಳನ್ನು ಬಿಡಿ. ದುಃಖದ ಹಾಡುಗಳನ್ನು ಪೂರ್ತಿ ಬಿಡಬೇಕೆಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ವಿಷಾದಕ್ಕೂ ಅವರಿಗೆ ಹಕ್ಕಿದೆ. ಆದರೆ ಅಂತಹದನ್ನು ಕಾರ್ಯಕ್ರಮದ ನಡುವೆ ಇರಿಸಿ, ಅದರ ನಂತರ ಮನಸ್ಸು ಮೇಲೇಳುವಂತಹ ಒಂದೆರಡು ಹಾಡು ಬರಲಿ, ಏಕೆಂದರೆ ನೀವು ಹೊರಟುಹೋದ ಮೇಲೆ ಅವರು ಆ ಭಾರದೊಂದಿಗೆ ರಾತ್ರಿಯನ್ನು ಕಳೆಯಬೇಕು. ಶಾಸ್ತ್ರೀಯ ಸಂಗೀತದವರು ‘ಇವರಿಗೆ ಅರ್ಥವಾಗದು’ ಎಂದು ರಾಗವನ್ನು ಕತ್ತರಿಸಿ ಹಾಡಬೇಕಾಗಿಲ್ಲ. ಹತ್ತು ಹನ್ನೆರಡು ನಿಮಿಷದ ಒಂದು ಆಲಾಪನೆಯನ್ನು ಎರಡು ವಾಕ್ಯಗಳಲ್ಲಿ ಪರಿಚಯಿಸಿ, ಮನಸ್ಸಿಟ್ಟು ಹಾಡಿ. ಹೊರಗಿನ ಸಭೆಗಳಲ್ಲಿ ಫೋನು ನೋಡುತ್ತ ಕೂರುವವರಿಗಿಂತ ಹೆಚ್ಚಿನ ಏಕಾಗ್ರತೆ ಇಲ್ಲಿ ಸಿಗುತ್ತದೆ.

ಹಕ್ಕುಸ್ವಾಮ್ಯದ ಪ್ರಶ್ನೆಯೂ ಬರಬಹುದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎಲ್) ವಿಧಿ ಹವ್ಯಾಸಿ ಸಂಘಗಳು ಹಣ ಕೊಡದ ಪ್ರೇಕ್ಷಕರ ಮುಂದೆ ಪ್ರದರ್ಶಿಸುವುದಕ್ಕೆ ವಿನಾಯಿತಿ ಕೊಡುತ್ತದೆ. ವೃತ್ತಿಪರ ತಂಡವಾಗಿದ್ದು ಚಿತ್ರಗೀತೆಗಳನ್ನು ಹಾಡುವುದಾದರೆ ತಿಳಿದವರಲ್ಲಿ ವಿಚಾರಿಸಿಕೊಳ್ಳಿ.

ಮಹಿಳಾ ವಿಭಾಗದಲ್ಲಿ ಕಾರ್ಯಕ್ರಮ ಬೇರೆಯಾಗಿಯೇ ನಡೆಯುತ್ತದೆ. ಪುರುಷರ ವಿಭಾಗದಲ್ಲಿ ಹಾಡಿ ಹಿಂದಿರುಗುವ ತಂಡಗಳೇ ಹೆಚ್ಚಾಗಿರುವುದರಿಂದ, ಅಲ್ಲಿಗೂ ಅವಕಾಶ ಕೊಡಿ ಎಂದು ನೀವಾಗಿಯೇ ಕೇಳಿ. ತಂಡದಲ್ಲಿ ಕಲಾವಿದೆಯರಿದ್ದರೆ ಅನುಕೂಲ. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಇರಬಹುದೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ, ಆದ್ದರಿಂದ ಮಕ್ಕಳೂ ಕೇಳುಗರಾಗಿರುತ್ತಾರೆ. ಅವರಿಗಾಗಿ ಕುಣಿಯಬಹುದಾದ ಶಿಶುಗೀತೆಗಳಿರಲಿ. ಜೋಗುಳದ ವಿಷಯದಲ್ಲಿ ಎಚ್ಚರ ಬೇಕು, ಮಕ್ಕಳನ್ನು ಹೊರಗೆ ಬಿಟ್ಟುಬಂದ ತಾಯಂದಿರೂ ಅದೇ ಸಾಲಿನಲ್ಲಿ ಕುಳಿತಿರುತ್ತಾರೆ.

ಕಾರ್ಯಕ್ರಮದ ದಿನ

ನಿಗದಿತ ಸಮಯಕ್ಕಿಂತ ಒಂದೂವರೆ ಗಂಟೆ ಮೊದಲು ಬಾಗಿಲಲ್ಲಿರಿ. ದೇಹದ ತಪಾಸಣೆ, ಸಾಮಾನಿನ ತಪಾಸಣೆ, ನೋಂದಣಿ ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. ವಾದ್ಯಗಳನ್ನು ತೆರೆದು ತೋರಿಸುವ ಕೆಲಸವನ್ನು ನೀವೇ ಮಾಡಿ, ಆಗ ಹಾನಿಯಾಗುವುದಿಲ್ಲ. ಬೇಸರ ತೋರಬೇಡಿ. ಒಳಗೆ ಗಲಾಟೆಯೋ ಮೇಲಧಿಕಾರಿಗಳ ಭೇಟಿಯೋ ಇದ್ದರೆ ಬಾಗಿಲವರೆಗೆ ಬಂದವರನ್ನೂ ಹಿಂದಕ್ಕೆ ಕಳಿಸಬಹುದು. ಹಾಗಾದರೆ ಮುಂದಿನ ದಿನಾಂಕ ಕೇಳಿಕೊಂಡು ಹೊರಡಿ.

ಶ್ರೋತೃಗಳನ್ನು ‘ಎಲ್ಲರಿಗೂ ನಮಸ್ಕಾರ’ ಎಂದು, ಬೇರೆ ಯಾವುದೇ ಸಭೆಯಲ್ಲಿ ಹೇಗೋ ಹಾಗೆ, ‘ನೀವು’ ಎಂದೇ ಮಾತನಾಡಿಸಿ. ಅಪರಾಧವನ್ನು ಕೇಳಬೇಡಿ, ಎಷ್ಟು ವರ್ಷ ಆಯಿತೆಂದು ಕೇಳಬೇಡಿ. ‘ಬೇಗ ಬಿಡುಗಡೆಯಾಗಲಿ’ ಎಂಬ ಹಾರೈಕೆಯೂ ಬೇಡ, ಅದು ನಿಮ್ಮ ಕೈಯಲ್ಲಿಲ್ಲದ ವಿಷಯ. ಮಾತು ಕಡಿಮೆಯಿರಲಿ. ಉದ್ಘಾಟನೆ, ಸ್ವಾಗತ ಭಾಷಣ, ಸನ್ಮಾನ, ಹಾರ ತುರಾಯಿಗಳಲ್ಲಿ ಅರ್ಧ ಗಂಟೆ ಹೋಗದಂತೆ ಮೊದಲೇ ಅಧಿಕಾರಿಗಳಲ್ಲಿ ವಿನಯದಿಂದ ಕೇಳಿಕೊಳ್ಳಿ.

ಒಳಗೆ ಹಾಡುವವರು, ನುಡಿಸುವವರು, ಭಜನೆ ಮೇಳ ಕಟ್ಟಿಕೊಂಡವರು ಇದ್ದೇ ಇರುತ್ತಾರೆ. ಅವರಿಗೆ ಹದಿನೈದು ನಿಮಿಷ ಕೊಡಿ, ನಿಮ್ಮ ತಬಲಾದವರು ಅವರಿಗೆ ಸಾಥ್ ಕೊಡಲಿ. ಇದಕ್ಕೂ ಮೊದಲೇ ಒಪ್ಪಿಗೆ ಬೇಕು, ಯಾರು ಹಾಡುವರೆಂಬುದನ್ನು ಸಿಬ್ಬಂದಿಯೇ ಗುರುತಿಸುತ್ತಾರೆ. ಅಮೆರಿಕದ ಸಾನ್ ಕ್ವೆಂಟಿನ್ ಕಾರಾಗೃಹದಲ್ಲಿ 1950ರ ದಶಕದ ಕೊನೆಯಲ್ಲಿ ಪ್ರಸಿದ್ಧ ಗಾಯಕ ಜಾನಿ ಕ್ಯಾಶ್ ಹಾಡಿದಾಗ ಬಂದಿಗಳ ನಡುವೆ ಕುಳಿತು ಕೇಳಿದ ಮರ್ಲ್ ಹ್ಯಾಗರ್ಡ್ ಎಂಬ ಯುವಕ ಮುಂದೆ ಆ ದೇಶದ ಹೆಸರಾಂತ ಗಾಯಕನಾದ. ಎಲ್ಲರಿಗೂ ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಎದುರಿನ ಸಾಲಿನಲ್ಲಿ ನಿಮಗಿಂತ ಚೆನ್ನಾಗಿ ಹಾಡಬಲ್ಲವರು ಇರಬಹುದೆಂಬ ಅರಿವು ಪ್ರತಿಯೊಬ್ಬ ಕಲಾವಿದನಿಗೂ ಇರಬೇಕು.

ಯಾರಾದರೂ ಅತ್ತರೆ ಹಾಡು ನಿಲ್ಲಿಸಬೇಡಿ, ಅದನ್ನು ಮೈಕಿನಲ್ಲಿ ಪ್ರಸ್ತಾಪಿಸಲೂ ಬೇಡಿ. ಚೀಟಿ, ಪತ್ರ, ದೂರವಾಣಿ ಸಂಖ್ಯೆ ಕೊಡಲು ಬಂದರೆ ‘ಕ್ಷಮಿಸಿ, ನಮಗೆ ಅನುಮತಿಯಿಲ್ಲ’ ಎಂದು ಮೆತ್ತಗೆ ಹೇಳಿ. ಮನೆಗೊಂದು ಸುದ್ದಿ ಮುಟ್ಟಿಸಿ ಎಂಬ ಕೋರಿಕೆ ಮನ ಕರಗಿಸುತ್ತದೆ. ಆದರೂ ಒಪ್ಪಬಾರದು, ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತಿಳಿಸುವಂತೆ ಸೂಚಿಸಬಹುದು. ಸಿಹಿ ಹಂಚುವುದಕ್ಕೂ ಅನುಮತಿ ಬೇಕು. ಎಚ್ಚರಿಕೆ ಗಂಟೆ ಮೊಳಗಿದರೆ ವಾದ್ಯಗಳನ್ನು ಅಲ್ಲೇ ಬಿಟ್ಟು, ತಂಡದವರೆಲ್ಲ ಒಟ್ಟಾಗಿ ಸಿಬ್ಬಂದಿ ಹೇಳಿದ ಕಡೆಗೆ ಹೋಗಬೇಕು. ಹೊರಡುವಾಗ ಸಾಮಾನಿನ ಪಟ್ಟಿಯನ್ನು ಹಿಡಿದು ಒಂದೊಂದನ್ನೂ ಎಣಿಸಿ ಹೊರತನ್ನಿ.

ಬಿಸಿಲಿನಲ್ಲಿ ನಿಂತು ಕಾವಲು ಕಾಯುವ ವಾರ್ಡರ್‌ಗಳೂ ನಿಮ್ಮ ಹಾಡನ್ನು ಕೇಳುತ್ತಿರುತ್ತಾರೆ. ಅವರಿಗೂ ಧನ್ಯವಾದ ಹೇಳಿ, ಅವರಿಷ್ಟದ ಒಂದು ಹಾಡನ್ನು ಕೇಳಿ ಹಾಡಿದರೂ ತಪ್ಪಿಲ್ಲ.

ಆನಂತರ

ಒಳಗಿನ ಮುಖಗಳ ಚಿತ್ರವನ್ನಾಗಲಿ, ಅಲ್ಲಿ ಕೇಳಿದ ಬದುಕಿನ ಕಥೆಗಳನ್ನಾಗಲಿ ಸಾಮಾಜಿಕ ಜಾಲತಾಣದಲ್ಲಿ ಹಾಕಬಾರದು. ಇಲಾಖೆಯವರೇ ಚಿತ್ರ ತೆಗೆದು ಕೊಟ್ಟರೂ ಬಂದಿಗಳ ಗುರುತು ಕಾಣುವಂಥದ್ದನ್ನು ಬಳಸಬೇಡಿ. ಬಿಡುಗಡೆಯಾದ ಮೇಲೆ ಕೆಲಸ, ಮನೆ, ಮದುವೆ ಹುಡುಕಿಕೊಳ್ಳಬೇಕಾದ ವ್ಯಕ್ತಿಗೆ ಆ ಒಂದು ಚಿತ್ರ ಜೀವನಪೂರ್ತಿ ಅಡ್ಡಿಯಾಗಬಹುದು.

ಒಂದು ವಾರದೊಳಗೆ ಅಧೀಕ್ಷಕರಿಗೆ ವಂದನೆಯ ಪತ್ರ ಬರೆದು, ಅದೇ ಪತ್ರದಲ್ಲಿ ಮುಂದಿನ ದಿನಾಂಕವನ್ನೂ ಕೇಳಿ. ಒಮ್ಮೆ ಬಂದು ಹೋಗುವ ಕಾರ್ಯಕ್ರಮಕ್ಕಿಂತ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುವ ಸಣ್ಣ ತಂಡ ಹೆಚ್ಚಿನ ಕೆಲಸ ಮಾಡುತ್ತದೆ. ಅಮೆರಿಕದ ಗಾಯಕಿ ಮಿಮಿ ಫರೀನಾ 1972ರಲ್ಲಿ ಸಿಂಗ್ ಸಿಂಗ್ ಕಾರಾಗೃಹದ ಒಂದು ಕಛೇರಿಯಲ್ಲಿ ಭಾಗವಹಿಸಿದ ಮೇಲೆ 1974ರಲ್ಲಿ ‘ಬ್ರೆಡ್ ಅಂಡ್ ರೋಸಸ್’ ಸಂಸ್ಥೆಯನ್ನು ಕಟ್ಟಿ, ಆಸ್ಪತ್ರೆ, ವೃದ್ಧಾಶ್ರಮ, ಕಾರಾಗೃಹಗಳಿಗೆ ಕಲಾವಿದರನ್ನು ಉಚಿತವಾಗಿ ಕಳಿಸುವ ವ್ಯವಸ್ಥೆಯನ್ನು ನೆಲೆಗೊಳಿಸಿದರು. ಸಂಗೀತ ಸಭೆಗಳೂ ಸುಗಮ ಸಂಗೀತ ಬಳಗಗಳೂ ಜಿಲ್ಲೆಗೊಂದರಂತೆ ಇರುವ ನಮ್ಮಲ್ಲಿ, ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ಕಾರಾಗೃಹದ ನಾಲ್ಕು ದಿನಗಳನ್ನು ಸೇರಿಸುವುದು ಅಸಾಧ್ಯವಲ್ಲ.

ಭೇಟಿಗಳು ಕ್ರಮಬದ್ಧವಾದ ಮೇಲೆ ಕಲಿಸುವ ಪ್ರಸ್ತಾಪವನ್ನು ಮುಂದಿಡಬಹುದು. ವಿಚಾರಣಾಧೀನರು ಯಾವಾಗ ಜಾಮೀನಿನ ಮೇಲೆ ಹೊರಡುವರೋ ತಿಳಿಯದು, ಆದ್ದರಿಂದ ಅವರಿಗೆ ನಾಲ್ಕು ಪಾಠಗಳಲ್ಲಿ ಮುಗಿಯುವ ಸಮೂಹಗಾನ ಸರಿ. ದೀರ್ಘ ಸಜೆಯಲ್ಲಿರುವವರಿಗೆ ಹಾರ್ಮೋನಿಯಂ, ತಬಲಾ, ಕೊಳಲಿನಂಥ ವಾದ್ಯಗಳನ್ನು ಬುನಾದಿಯಿಂದ ಕಲಿಸಬಹುದು. ವಾದ್ಯಗಳನ್ನು ದಾನ ಕೊಡುವುದಾದರೆ ಯಾವುದೇ ವ್ಯಕ್ತಿಗೆ ಕೊಡದೆ ಕಾರಾಗೃಹದ ಹೆಸರಿಗೆ ಕೊಟ್ಟು, ದಾಸ್ತಾನು ಪುಸ್ತಕದಲ್ಲಿ ದಾಖಲಿಸಿ, ರಸೀದಿ ಪಡೆಯಿರಿ. ತಬಲಾದ ಹೊದಿಕೆ ಹರಿದಾಗ, ಹಾರ್ಮೋನಿಯಂ ಸ್ವರ ಕೆಟ್ಟಾಗ ದುರಸ್ತಿ ಮಾಡಿಸುವ ಹೊಣೆಯನ್ನೂ ವಹಿಸಿಕೊಳ್ಳಿ, ಅದಿಲ್ಲದಿದ್ದರೆ ಕೊಟ್ಟ ವಾದ್ಯ ವರ್ಷದೊಳಗೆ ಕಪಾಟು ಸೇರುತ್ತದೆ. ಪ್ರತಿ ಭೇಟಿಯಲ್ಲಿಯೂ ಹಿಂದಿನ ಸಲ ಕಲಿಸಿದ ಒಂದು ಹಾಡನ್ನು ಮೊದಲಿಗೆ ಅವರಿಂದಲೇ ಹಾಡಿಸಿ, ಅಲ್ಲಿಂದ ಮುಂದಿನ ಪಾಠವನ್ನು ಆರಂಭಿಸಿ.